ಗುಟ್ಟು ಬಿಡದ ಫೋನು



ನಮ್ಮ ಎಡಪ್ಪಳ್ಳಿಯ ಮೆಟ್ರೋ ನಿಲ್ದಾಣದಲ್ಲಿ ಒಮ್ಮೆ ಸುಮ್ಮನೆ ನಿಂತು ನೋಡಿ. ಕೈಯಲ್ಲಿ ಮೊಬೈಲ್ ಇಲ್ಲದವರು ಸಿಗುವುದೇ ಕಷ್ಟ. ಇದೇ ಊರಿನಲ್ಲಿ 1950ರ ಫೆಬ್ರವರಿ 28ರಂದು, ರಾತ್ರಿಯ ಕತ್ತಲಲ್ಲಿ, ಲಾಕಪ್ಪಿನಲ್ಲಿದ್ದ ಸಂಗಾತಿಗಳನ್ನು ಬಿಡಿಸಲು ಕಮ್ಯುನಿಸ್ಟರ ಗುಂಪೊಂದು ಪೊಲೀಸ್ ಠಾಣೆಗೆ ನುಗ್ಗಿತ್ತು. ಇಬ್ಬರು ಪೊಲೀಸರು ಸತ್ತರು. ಲಾಕಪ್ಪಿನ ಬಾಗಿಲು ಮಾತ್ರ ತೆರೆಯಲಿಲ್ಲ. ಆ ಹಿಂಸೆಯನ್ನು ನಾನು ಸಮರ್ಥಿಸುತ್ತಿಲ್ಲ, ನನ್ನ ಕುತೂಹಲವೇ ಬೇರೆ. ಪಕ್ಷಕ್ಕೆ ನಿಷೇಧವಿದ್ದ, ಪೊಲೀಸರ ಕಣ್ಣು ಎಲ್ಲೆಡೆ ಇದ್ದ ಆ ದಿನಗಳಲ್ಲಿ ಭೂಗತರು ಸುದ್ದಿ ಮುಟ್ಟಿಸುತ್ತಿದ್ದುದು ಹೇಗೆ? ಚೀಟಿ, ನಂಬಿಕೆಯ ಆಳು, ಹುಸಿ ಹೆಸರು. ಚೀಟಿ ಒಯ್ಯುವವನಿಗೆ ಮುಂದಿನ ಒಂದು ಮನೆ ಗೊತ್ತಿದ್ದರೆ ಸಾಕು, ಅದಕ್ಕಿಂತ ಹೆಚ್ಚು ತಿಳಿಸಬಾರದು. ಭೂಗತ ಬದುಕಿನ ಮೊದಲ ಪಾಠ ಅದು. ಸಿಕ್ಕಿಬಿದ್ದರೂ ಹೇಳಲು ಅವನಲ್ಲಿ ಹೆಚ್ಚೇನೂ ಇರುವುದಿಲ್ಲ.

ಅಂಥದೇ ಒಂದು ಫೋನು ಮಾಡಲು ಸಾಧ್ಯವೇ?

ತಂತಿಯ ಫೋನಿನ ಕಾಲದಲ್ಲಿ ಕದ್ದು ಕೇಳಲು ಎಕ್ಸ್‌ಚೇಂಜಿನಲ್ಲಿ ಒಂದು ಜೋಡಣೆ ಸಾಕಾಗಿತ್ತು. ಅಧಿಕಾರ ಕೊಡಲು 1885ರ ಟೆಲಿಗ್ರಾಫ್ ಕಾಯ್ದೆ ಇತ್ತು. ನಮ್ಮ ರಾಮಕೃಷ್ಣ ಹೆಗಡೆಯವರು 1988ರ ಆಗಸ್ಟಿನಲ್ಲಿ ಮುಖ್ಯಮಂತ್ರಿ ಕುರ್ಚಿ ಬಿಟ್ಟದ್ದು ಈ ಕದ್ದಾಲಿಕೆಯ ಆರೋಪದಿಂದಲೇ ಎಂಬುದು ಹಿರಿಯ ಕೇಳುಗರಿಗೆ ನೆನಪಿರಬಹುದು.

1996ರ ಸೆಪ್ಟೆಂಬರ್ 17ರಂದು ಕೇರಳದ ಮೊದಲ ಮೊಬೈಲ್ ಕರೆ ನಮ್ಮ ಕೊಚ್ಚಿಯಿಂದಲೇ ಹೋಯಿತು. ಮಾತಾಡಿದವರು 'ಚೆಮ್ಮೀನ್' ಬರೆದ ತಕಳಿ ಶಿವಶಂಕರ ಪಿಳ್ಳೆ, ಆ ಕಡೆ ನೌಕಾಪಡೆಯ ವೈಸ್ ಅಡ್ಮಿರಲ್ ಎ.ಆರ್. ಟಂಡನ್. ಅದೇ ವರ್ಷದ ಡಿಸೆಂಬರ್ 18ರಂದು ಸುಪ್ರೀಂ ಕೋರ್ಟ್, ಗೃಹ ಕಾರ್ಯದರ್ಶಿಯ ಮಟ್ಟದ ಆದೇಶವಿಲ್ಲದೆ ಯಾರ ಫೋನನ್ನೂ ಮಾಮೂಲಾಗಿ ಕದ್ದು ಕೇಳುವಂತಿಲ್ಲ ಎಂದಿತು.

ಆದರೆ ಮೊಬೈಲಿನ ತೊಂದರೆ ಮಾತಿಗಿಂತ ದೊಡ್ಡದು. ನಾನು ಮೈಕಿನ ಮುಂದೆ ಕೂತಿರುವಾಗ ನೀವು ರೇಡಿಯೋ ಸೆಟ್ಟನ್ನು ಅಡುಗೆಮನೆಯಲ್ಲಿಟ್ಟು ಕೇಳುತ್ತಿದ್ದೀರೋ ಕಾರಿನಲ್ಲೋ, ನಮ್ಮ ಟ್ರಾನ್ಸ್‌ಮಿಟರಿಗೆ ತಿಳಿಯದು. ಮೊಬೈಲ್ ಹಾಗಲ್ಲ. ನೀವು ಯಾರಿಗೂ ಕರೆ ಮಾಡದಿದ್ದರೂ ಅದು ಹತ್ತಿರದ ಟವರಿಗೆ "ಇಲ್ಲಿದ್ದೇನೆ" ಎಂದು ತಿಳಿಸುತ್ತಲೇ ಇರುತ್ತದೆ. ಯಾರು, ಯಾರಿಗೆ, ಎಷ್ಟು ಹೊತ್ತು, ಎಲ್ಲಿಂದ ಎಂಬ ಲೆಕ್ಕ ಕಂಪನಿಯಲ್ಲಿ ಉಳಿಯುತ್ತದೆ. ಪತ್ರ ಓದಬೇಕಾಗಿಲ್ಲ, ಲಕೋಟೆಯೇ ಸಾಕು.

ಪತ್ರವನ್ನು ಮುಚ್ಚುವ ವಿದ್ಯೆ ಬಂತು. ಕಳಿಸುವ ಫೋನಿನಲ್ಲಿ ಬೀಗ, ಪಡೆಯುವ ಫೋನಿನಲ್ಲಿ ಕೀಲಿ, ನಡುವಿನ ಕಂಪನಿಗೆ ಕೀಲಿಯೇ ಇಲ್ಲ. ವಾಟ್ಸಾಪ್ 2016ರ ಏಪ್ರಿಲ್‌ನಲ್ಲಿ ಎಲ್ಲರಿಗೂ ಇದನ್ನು ಕೊಟ್ಟಿತು. ಆದರೆ ನನಗೆ ಹೆಚ್ಚು ಹಿಡಿಸಿದ್ದು ಸಿಗ್ನಲ್ ಸಂಸ್ಥೆಯ ಕಥೆ. ಅದೇ ವರ್ಷ ಅಮೆರಿಕದ ನ್ಯಾಯಾಂಗ ಬಳಕೆದಾರರ ವಿವರ ಕೇಳಿದಾಗ ಅವರಲ್ಲಿ ಇದ್ದದ್ದು ಎರಡೇ: ಖಾತೆ ತೆರೆದ ದಿನ, ಕೊನೆಗೆ ಸಂಪರ್ಕಿಸಿದ ದಿನ. ಬೇರೇನೂ ಕೂಡಿಟ್ಟಿರಲಿಲ್ಲ. ಆ ಚೀಟಿಯವನ ಪಾಠವೇ ಇದು!

ಕಾವಲಿಗಿರುವವರು ಆಗ ಫೋನಿನ ಒಳಗೇ ಬಂದರು. ಇಸ್ರೇಲಿನ ಪೆಗಾಸಸ್ ತಂತ್ರಾಂಶ, ಬೀಗ ಬೀಳುವ ಮುನ್ನವೇ ಪರದೆಯನ್ನು ಓದುತ್ತದೆ. ಲಿಂಕನ್ನು ಒತ್ತದೆಯೂ ಹೊಕ್ಕೀತು. 2021ರ ಗದ್ದಲದ ನಂತರ ಸುಪ್ರೀಂ ಕೋರ್ಟ್ ನೇಮಿಸಿದ ಸಮಿತಿಯ ಮೇಲ್ವಿಚಾರಣೆ ಕರ್ನಾಟಕ ಹೈಕೋರ್ಟಿನಲ್ಲಿದ್ದ ನ್ಯಾಯಮೂರ್ತಿ ಆರ್.ವಿ. ರವೀಂದ್ರನ್ ಅವರದು. ಪರೀಕ್ಷಿಸಿದ 29 ಫೋನುಗಳಲ್ಲಿ 5ರಲ್ಲಿ ಕಿಡಿಗೇಡಿ ತಂತ್ರಾಂಶ ಸಿಕ್ಕಿತು. ಅದು ಪೆಗಾಸಸ್ಸೇ ಎಂದು ಖಚಿತವಾಗಲಿಲ್ಲ.

ಹೀಗಾಗಿ ಮೈಕ್ ಮತ್ತು ಕ್ಯಾಮೆರಾಕ್ಕೆ ಒಂದು, ಟವರಿನ ಸಂಪರ್ಕಕ್ಕೆ ಇನ್ನೊಂದು ಸ್ವಿಚ್ಚಿಟ್ಟ ಫೋನುಗಳೂ ಬಂದವು. ಲಿಬ್ರೆಮ್ 5 ಅಂಥದು. ಸ್ವಿಚ್ ಆರಿಸಿದರೆ ವಿದ್ಯುತ್ತೇ ಕಡಿದುಹೋಗುತ್ತದೆ, ತಂತ್ರಾಂಶದ ಮಾತು ನಡೆಯದು. ಒಳ್ಳೆಯ ಉಪಾಯ. ಆದರೆ ಟವರ್ ಆರಿಸಿದ ಫೋನಿಗೆ ಕರೆಯೂ ಬರುವುದಿಲ್ಲವಲ್ಲ! ಅಲ್ಲದೆ ನಮ್ಮ ದೇಶದಲ್ಲಿ ಗುರುತಿನ ಚೀಟಿ ಇಲ್ಲದೆ ಸಿಮ್ ಸಿಗುವುದಿಲ್ಲ.

ಇಲ್ಲಿಂದ ಮುಂದೆ ಕೆಲಸ ಇಂಜಿನಿಯರದಲ್ಲ, ಕಾನೂನಿನದು. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರ ಮೊಕದ್ದಮೆಯಲ್ಲಿ, 2017ರ ಆಗಸ್ಟ್ 24ರಂದು, 9 ನ್ಯಾಯಮೂರ್ತಿಗಳ ಪೀಠ ಖಾಸಗಿತನ ಮೂಲಭೂತ ಹಕ್ಕು ಎಂದಿತು. 2023ರ ಹೊಸ ದೂರಸಂಪರ್ಕ ಕಾಯ್ದೆ ಕದ್ದಾಲಿಕೆಯ ಅಧಿಕಾರವನ್ನು ಸರ್ಕಾರಕ್ಕೇ ಉಳಿಸಿದೆ. ಆದೇಶ ಕೊಡುವವರೂ ಅದನ್ನು ಪರಿಶೀಲಿಸುವವರೂ ಸರ್ಕಾರದ ಅಧಿಕಾರಿಗಳೇ. ನ್ಯಾಯಾಧೀಶರ ಮುಂದೆ ಮೊದಲೇ ಹೋಗಬೇಕೆಂಬ ನಿಯಮ 1996ರಲ್ಲೂ ಬರಲಿಲ್ಲ, ಈ ಕಾಯ್ದೆಯಲ್ಲೂ ಬಂದಿಲ್ಲ.