ಎಣಿಕೆಗೆ ಬಾರದ ಸೆಮಿಸ್ಟರುಗಳು

ವಿದೇಶದಲ್ಲಿ ಬಿಸಿನೆಸ್ ಓದುತ್ತಿರುವ ವಿದ್ಯಾರ್ಥಿ ನಡುವೆ ವಿಶ್ವವಿದ್ಯಾನಿಲಯ ಬದಲಿಸುತ್ತೇನೆ ಎಂದರೆ ಮನೆಯವರಿಗೆ ಮೊದಲು ಅನುಮಾನ ಬರುವುದು ಅವನ ಮನಸ್ಸಿನ ಮೇಲೆ. ಸೇರಿದ ಕಡೆಯೇ ಓದು ಮುಗಿಸುವುದು ಮರ್ಯಾದೆ, ಅರ್ಧಕ್ಕೆ ಟಿ.ಸಿ. ತೆಗೆದುಕೊಳ್ಳುವವನಿಗೆ ಎಲ್ಲೋ ಎಡವಟ್ಟಾಗಿದೆ ಎಂಬ ನಂಬಿಕೆ ನಮ್ಮಲ್ಲಿ ಗಟ್ಟಿಯಾಗಿದೆ. ಚರಿತ್ರೆ ಇದನ್ನು ಒಪ್ಪುವುದಿಲ್ಲ. ಹತ್ತೊಂಬತ್ತನೆಯ ಶತಮಾನದ ಜರ್ಮನಿಯಲ್ಲಿ ಎರಡು ಮೂರು ಊರು ಸುತ್ತಿ ಓದುವುದು ಮಾಮೂಲು ಪದ್ಧತಿಯಾಗಿತ್ತು. ಕಾರ್ಲ್ ಮಾರ್ಕ್ಸ್ 1835ರಲ್ಲಿ ಬಾನ್‌ಗೆ ಸೇರಿದ, ಮರುವರ್ಷ ಬರ್ಲಿನ್‌ಗೆ ಹೋದ, 1841ರಲ್ಲಿ ಡಾಕ್ಟರೇಟ್ ಪಡೆದದ್ದು ತಾನು ಒಂದು ದಿನವೂ ಪಾಠ ಕೇಳದ ಯೇನಾದಿಂದ. ಸಮಾಜಶಾಸ್ತ್ರಜ್ಞ ಮ್ಯಾಕ್ಸ್ ವೆಬರ್ ಹೈಡೆಲ್‌ಬರ್ಗ್, ಬರ್ಲಿನ್, ಗಟಿಂಗನ್ ಎಂದು ಅಲೆದು ಕಾನೂನು ಓದಿದ. ಊರು ಬದಲಿಸಿದವರನ್ನು ಚಂಚಲರೆಂದು ಕರೆಯುವ ರೂಢಿ ಇರಲಿಲ್ಲ. ಕಾನೂನಿನಂಥ ವೃತ್ತಿಗಳಿಗೆ ಕೊನೆಯ ಪರೀಕ್ಷೆ ನಡೆಸುತ್ತಿದ್ದುದು ಸರ್ಕಾರ. ಒಂದು ಜರ್ಮನ್ ವಿಶ್ವವಿದ್ಯಾನಿಲಯದ ಸೆಮಿಸ್ಟರನ್ನು ಇನ್ನೊಂದು ತಕರಾರಿಲ್ಲದೆ ಎಣಿಸುತ್ತಿತ್ತು. ಊರು ಬಿಟ್ಟವನಿಗೆ ಕಳೆದುಕೊಳ್ಳುವುದು ಏನೂ ಇರಲಿಲ್ಲ. ಹಾಗಾದರೆ ವರ್ಗಾವಣೆ ಸರಿಯೋ ತಪ್ಪೋ ಎಂಬುದು ವಿದ್ಯಾರ್ಥಿಯ ಸ್ವಭಾವದಿಂದ ತೀರ್ಮಾನವಾಗುವ ಮಾತಲ್ಲ, ಎರಡು ಸಂಸ್ಥೆಗಳಲ್ಲಿ ಯಾವುದರ ಹೆಸರು ದೊಡ್ಡದು ಎಂಬುದರಿಂದಲೂ ಅಲ್ಲ. ಓದಿದ್ದನ್ನು ಯಾರು ಲೆಕ್ಕಕ್ಕೆ ಹಿಡಿಯುತ್ತಾರೆ, ಖರ್ಚಿನ ಹಣ ಯಾರದು, ಆ ಹಣಕ್ಕೆ ಗಡುವು ಯಾವಾಗ ಎಂಬುದನ್ನು ಮೊದಲು ನೋಡಬೇಕು. ಪರದೇಶದವನಿಗಂತೂ ಇದು ಇನ್ನಷ್ಟು ನಿಜ.

ಅದೇ ಜರ್ಮನಿಗೆ ಹೊರಗಿನಿಂದ ಬಂದವರ ಕಥೆ ನೋಡಿದರೆ ಇದು ಗೊತ್ತಾಗುತ್ತದೆ. ಅಮೆರಿಕದ ಕಪ್ಪು ಚಿಂತಕ ಡಬ್ಲ್ಯು.ಇ.ಬಿ. ಡುಬಾಯ್ಸ್ 1892ರಲ್ಲಿ ಹಾರ್ವರ್ಡ್‌ನಿಂದ ಬರ್ಲಿನ್‌ಗೆ ಹೋಗಿ ಗುಸ್ಟಾಫ್ ಶ್ಮೋಲರ್ ಬಳಿ ಅರ್ಥಶಾಸ್ತ್ರ ಓದಿದ. ತನ್ನ ನಾಡಿನ ದಕ್ಷಿಣ ಭಾಗದ ಕೃಷಿಯ ಮೇಲೆ ಪ್ರಬಂಧ ಬರೆದ, ಗುರುಗಳ ಬೆಂಬಲವೂ ಇತ್ತು. ಅಡ್ಡಬಂದದ್ದು ನಿಯಮ: ಡಾಕ್ಟರೇಟ್ ಪರೀಕ್ಷೆಗೆ ಬೇಕಾದಷ್ಟು ಸೆಮಿಸ್ಟರು ಬರ್ಲಿನ್‌ನಲ್ಲಿ ಆಗಿಲ್ಲ. ಇನ್ನಷ್ಟು ಕಾಲ ನಿಲ್ಲಲು ಅವನನ್ನು ಕಳಿಸಿದ್ದ ಸ್ಲೇಟರ್ ನಿಧಿ ಹಣ ಕೊಡಲಿಲ್ಲ. 1894ರಲ್ಲಿ ಪದವಿಯಿಲ್ಲದೆ ಹಿಂತಿರುಗಿದ. ಮರುವರ್ಷ ಹಾರ್ವರ್ಡ್ ಅವನಿಗೆ ಪಿಎಚ್.ಡಿ. ಕೊಟ್ಟಿತು. ಬುದ್ಧಿ, ಶ್ರಮ, ಗುರುವಿನ ಮೆಚ್ಚುಗೆ ಮೂರೂ ಇದ್ದ ಮನುಷ್ಯನ ಓದು ನಿಂತದ್ದು ಸೆಮಿಸ್ಟರಿನ ಎಣಿಕೆಯಿಂದ ಮತ್ತು ಖಾಲಿಯಾದ ಹಣದಿಂದ.

ನಮಗೆ ಹೆಚ್ಚು ಪರಿಚಯವಿರುವ ಉದಾಹರಣೆ ಅಂಬೇಡ್ಕರ್. ಬರೋಡಾ ಸಂಸ್ಥಾನದ ವಿದ್ಯಾರ್ಥಿವೇತನದ ಮೇಲೆ 1913ರಲ್ಲಿ ನ್ಯೂಯಾರ್ಕಿನ ಕೊಲಂಬಿಯಾ ಸೇರಿದ ಅವರು, ಪ್ರಾಚೀನ ಭಾರತದ ವಾಣಿಜ್ಯದ ಮೇಲೆ ಪ್ರಬಂಧ ಬರೆದು 1915ರಲ್ಲಿ ಎಂ.ಎ. ಪಡೆದರು. 1916ರಲ್ಲಿ ಅಟ್ಲಾಂಟಿಕ್ ದಾಟಿ ಲಂಡನ್ ಸ್ಕೂಲ್ ಆಫ್ ಎಕನಾಮಿಕ್ಸ್‌ಗೂ ಬ್ಯಾರಿಸ್ಟರ್ ಆಗಲೆಂದು ಗ್ರೇಸ್ ಇನ್‌ಗೂ ಸೇರಿಕೊಂಡರು. ಕೊಲಂಬಿಯಾದಲ್ಲಿ ಏನೂ ಕೊರತೆಯಾಗಿರಲಿಲ್ಲ. ಅರ್ಥಶಾಸ್ತ್ರಜ್ಞ ಎಡ್ವಿನ್ ಸೆಲಿಗ್ಮನ್, ತತ್ವಜ್ಞಾನಿ ಜಾನ್ ಡ್ಯೂಯಿಯಂಥವರು ಅಲ್ಲಿದ್ದರು. ಆದರೆ ಬ್ರಿಟಿಷ್ ಭಾರತದ ನ್ಯಾಯಾಲಯಗಳಲ್ಲಿ ಸ್ವತಂತ್ರವಾಗಿ ವಕೀಲಿ ಮಾಡಲು ದಾರಿಯಾಗುತ್ತಿದ್ದ ಬ್ಯಾರಿಸ್ಟರ್ ಪಟ್ಟ ನ್ಯೂಯಾರ್ಕಿನಲ್ಲಿ ಸಿಗುವಂತಿರಲಿಲ್ಲ. ಇಲ್ಲಿಯವರೆಗೆ ಲೆಕ್ಕ ಸರಿ. 1917ರಲ್ಲಿ ವಿದ್ಯಾರ್ಥಿವೇತನದ ಅವಧಿ ಮುಗಿಯಿತು, ಕರಾರಿನಂತೆ ಬರೋಡಾ ಚಾಕರಿಗೆ ಮರಳಬೇಕಾಯಿತು. ಆ ಓದು ಡುಬಾಯ್ಸ್‌ನ ಬರ್ಲಿನ್ ಓದಿನ ಹಾಗೆ ಮಣ್ಣಾಗಲಿಲ್ಲ. ಕಾರಣ, ನಾಲ್ಕು ವರ್ಷದೊಳಗೆ ಬಂದು ಮುಂದುವರಿಸಬಹುದೆಂದು ಲಂಡನ್ ಅನುಮತಿ ಕೊಟ್ಟಿತ್ತು. ಅಂಬೇಡ್ಕರ್ ಬಾಂಬೆಯಲ್ಲಿ 1913ರಲ್ಲಿ ಶುರುವಾಗಿದ್ದ ಸಿಡನ್ಹ್ಯಾಮ್ ವಾಣಿಜ್ಯ ಕಾಲೇಜಿನಲ್ಲಿ ಪಾಠ ಹೇಳಿ ದುಡ್ಡು ಕೂಡಿಸಿದರು. ಕೊಲ್ಹಾಪುರದ ಶಾಹು ಮಹಾರಾಜರೂ ಒಬ್ಬ ಪಾರ್ಸಿ ಗೆಳೆಯರೂ ಕೈಹಿಡಿದರು. 1920ರಲ್ಲಿ ಮರಳಿ ಹೋದವರು 1921ರಲ್ಲಿ ಎಂ.ಎಸ್ಸಿ., 1923ರಲ್ಲಿ ರೂಪಾಯಿಯ ಸಮಸ್ಯೆಯ ಮೇಲಿನ ಪ್ರಬಂಧಕ್ಕೆ ಡಿ.ಎಸ್ಸಿ. ಪಡೆದರು. ಕೊಲಂಬಿಯಾದ ಪಿಎಚ್.ಡಿ. ಕೈಗೆ ಬಂದದ್ದು 1927ರಲ್ಲಿ. ಇದನ್ನು ಛಲದ ಕಥೆಯಾಗಿ ಮಾತ್ರ ಹೇಳುವುದು ನಮ್ಮ ರೂಢಿ. ಛಲವಿದ್ದರೆ ನಿಯಮಗಳೆಲ್ಲ ತಾವಾಗಿ ದಾರಿ ಬಿಡುತ್ತವೆ ಎಂದು ಇದರಿಂದ ವಾದಿಸುವವರೂ ಇದ್ದಾರೆ. ಛಲ ಇತ್ತು, ಅದಕ್ಕೆ ಯಾರದೂ ತಕರಾರಿಲ್ಲ. ಆದರೆ ಆ ನಾಲ್ಕು ವರ್ಷದ ಅನುಮತಿ ಇರದಿದ್ದರೆ ಅವರು ಲಂಡನ್ನಿನಲ್ಲಿ ಮತ್ತೆ ಮೊದಲಿನಿಂದ ಶುರುಮಾಡಬೇಕಾಗುತ್ತಿತ್ತು, ಅದಕ್ಕೆ ಹಣ ಎಲ್ಲಿಂದ ಬರುತ್ತಿತ್ತು?

ಅದೆಲ್ಲ ಹಳೆಯ ಕಾಲ, ಈಗ ಕ್ರೆಡಿಟ್ ಪದ್ಧತಿ ಬಂದಿದೆ, ಓದಿದ್ದು ಜೊತೆಯಲ್ಲೇ ಬರುತ್ತದೆ ಎಂಬುದು ಇನ್ನೊಂದು ಆಕ್ಷೇಪ. ಕ್ರೆಡಿಟ್ಟಿನ ಹುಟ್ಟನ್ನು ನೋಡಿದರೆ ಈ ಭರವಸೆ ಸ್ವಲ್ಪ ಸಡಿಲವಾಗುತ್ತದೆ. 1869ರಿಂದ ಹಾರ್ವರ್ಡ್ ನಡೆಸಿದ ಚಾರ್ಲ್ಸ್ ಎಲಿಯಟ್ ವಿದ್ಯಾರ್ಥಿಗೆ ವಿಷಯ ಆರಿಸಿಕೊಳ್ಳುವ ಸ್ವಾತಂತ್ರ್ಯ ಕೊಟ್ಟ; ಎಲ್ಲರೂ ಒಂದೇ ಪಾಠ ಓದದಿದ್ದಾಗ ಪಾಠಗಳನ್ನು ಎಣಿಸಲು ಅಳತೆ ಬೇಕಾಯಿತು. ಆ ಅಳತೆಯನ್ನು ಗಟ್ಟಿಮಾಡಿದ ಕಾರ್ನೆಗಿ ಪ್ರತಿಷ್ಠಾನ 1905ರಲ್ಲಿ ಹುಟ್ಟಿದ್ದು ಪ್ರಾಧ್ಯಾಪಕರ ಪಿಂಚಣಿಗಾಗಿ. ಪಿಂಚಣಿಗೆ ಯಾವ ಕಾಲೇಜು ಅರ್ಹ ಎಂದು ನಿರ್ಧರಿಸುವಾಗ, ಸೇರುವ ವಿದ್ಯಾರ್ಥಿ ಹೈಸ್ಕೂಲಿನಲ್ಲಿ ಎಷ್ಟು ಗಂಟೆ ಪಾಠ ಕೇಳಿರಬೇಕು ಎಂಬ ಷರತ್ತು ಅದರಲ್ಲಿ ಸೇರಿತು. ವಿದ್ಯಾರ್ಥಿಯ ಓಡಾಟ ಸುಲಭವಾಗಲಿ ಎಂದು ಮಾಡಿದ ಅಳತೆ ಇದಲ್ಲ. ಕ್ರೆಡಿಟ್ ಒಂಥರಾ ಊರೂರಿನ ನಾಣ್ಯ. ಅದಕ್ಕೆ ಎಷ್ಟು ಬೆಲೆ ಎಂದು ಹೇಳುವವನು ಪಡೆಯುವವನೇ. ಅಮೆರಿಕ ಸರ್ಕಾರದ ಲೆಕ್ಕಪರಿಶೋಧನಾ ಸಂಸ್ಥೆ 2017ರಲ್ಲಿ ಹೇಳಿದಂತೆ, 2004ರಿಂದ 2009ರವರೆಗೆ ಕಾಲೇಜು ಬದಲಿಸಿದವರು ಸರಾಸರಿ 43% ಕ್ರೆಡಿಟ್ ಕಳೆದುಕೊಂಡಿದ್ದರು. ಬಿಸಿನೆಸ್ ವಿಭಾಗಗಳಲ್ಲಿ ಇನ್ನೊಂದು ಸೂಕ್ಷ್ಮವಿದೆ. ಹೊರಗಿನ ಅಕೌಂಟಿಂಗ್ ಅಥವಾ ಫೈನಾನ್ಸ್ ಪಾಠವನ್ನು ಒಪ್ಪಿದರೂ ಐಚ್ಛಿಕವೆಂದು ಮಾತ್ರ ಒಪ್ಪಿ, ಮುಖ್ಯ ವಿಷಯವನ್ನು ಮತ್ತೆ ಓದಿಸುವುದುಂಟು. ಕಾಗದದಲ್ಲಿ ಕ್ರೆಡಿಟ್ ಬಂದಿರುತ್ತದೆ, ಪದವಿ ಮಾತ್ರ ಹತ್ತಿರವಾಗಿರುವುದಿಲ್ಲ. ಯುರೋಪಿನಲ್ಲಿ 1987ರ ಎರಾಸ್ಮಸ್ ವಿದ್ಯಾರ್ಥಿ ವಿನಿಮಯ ಯೋಜನೆ ಮತ್ತು ಪದವಿಗಳನ್ನು ಹೊಂದಿಸುವ 1999ರ ಬೊಲೋನ್ಯಾ ಘೋಷಣೆ ಈ ಕಷ್ಟವನ್ನು ಒಂದಿಷ್ಟು ಇಳಿಸಿವೆ, ಸರ್ಕಾರಗಳು ಮೊದಲೇ ಕೂತು ಒಪ್ಪಂದ ಮಾಡಿಕೊಂಡದ್ದರಿಂದ.

ಹಾಗೆಂದು ಸಿಕ್ಕಿದ ಕಡೆಯೇ ಹಲ್ಲುಕಚ್ಚಿ ಕೂರಬೇಕೆಂದಲ್ಲ. ಬ್ಯಾರಿಸ್ಟರ್ ಪಟ್ಟದಂಥ ನಿರ್ದಿಷ್ಟ ಕಾರಣವಿದ್ದರೆ ಹೋಗುವುದೇ ಸರಿ; ರ್‍ಯಾಂಕಿಂಗ್ ಪಟ್ಟಿಯಲ್ಲಿ ಹೊಸ ಸಂಸ್ಥೆ ಹತ್ತು ಸ್ಥಾನ ಮೇಲಿದೆ ಎಂಬುದು ಆ ಜಾತಿಯ ಕಾರಣವಲ್ಲ. ಅಮೆರಿಕದಲ್ಲಿ ಓದುವವನಿಗೆ ವೀಸಾದ ದಾಖಲೆಯೂ ಹಳೆಯ ಸಂಸ್ಥೆಯಿಂದ ಹೊಸದಕ್ಕೆ ವರ್ಗವಾಗಬೇಕು, ಹಣವಿದೆಯೆಂದು ಮತ್ತೆ ತೋರಿಸಿ ಐ-20 ಎಂಬ ಹೊಸ ಅರ್ಹತಾ ಪತ್ರ ಪಡೆಯಬೇಕು. ಆದ್ದರಿಂದ ಯಾವ ಪಾಠ ಯಾವ ಪಾಠಕ್ಕೆ ಸಮ, ಪದವಿಗೆ ಇನ್ನೆಷ್ಟು ಸೆಮಿಸ್ಟರು ಉಳಿಯುತ್ತದೆ ಎಂಬುದನ್ನು ಹೊಸ ವಿಶ್ವವಿದ್ಯಾನಿಲಯದಿಂದ ಬರಹದಲ್ಲಿ ಕೇಳಿ ಪಡೆಯಿರಿ. ಆ ಕಾಗದ ಕೈಗೆ ಬರುವ ತನಕ ಹಳೆಯ ಸೀಟು ಬಿಡಬೇಡಿ.