ವರಮಾನ ತೆರಿಗೆಯೂ ಪತ್ರದ ಭಾರವೂ

ತೆರಿಗೆಯೆಂಬುದು ಯಾವ ಕಾಲದ ಪ್ರಜೆಗೂ ಪ್ರಿಯವಾದ ಪದಾರ್ಥವಲ್ಲ. ಆದರೆ ಹಣವನ್ನು ಕೊಡುವ ಸಂಕಟವು ಒಂದು. ಕೊಡತಕ್ಕ ಹಣವೆಷ್ಟೆಂಬುದನ್ನು ತಾನೇ ಬರೆದು, ತಾನೇ ಸಮರ್ಥಿಸಿ, ತಾನೇ ರುಜು ಮಾಡಿ ಒಪ್ಪಿಸಬೇಕಾದ ಸಂಕಟವು ಮತ್ತೊಂದು. ಈ ಎರಡನೆಯದು ಭರತಖಂಡದ ಗೃಹಸ್ಥರಿಗೆ ಒದಗಿದ್ದು 1860ನೆಯ ಇಸವಿಯಲ್ಲಿ. ಅದರ ಚರಿತ್ರೆಯು ತೆರಿಗೆಯ ದರಗಳ ಚರಿತ್ರೆಗಿಂತ ಹೆಚ್ಚು ವಿಚಾರಾರ್ಹವಾದದ್ದು.

1857ರ ದಂಗೆಯು ಅಡಗಿದ ಮೇಲೆ ಸರ್ಕಾರದ ಬೊಕ್ಕಸವು ಬರಿದಾಗಿ ಸಾಲವು ಬೆಳೆದಿದ್ದಿತು. ಅದನ್ನು ಸರಿಪಡಿಸಲೆಂದು ವಿಲಾಯತಿಯಿಂದ ಕಲ್ಕತ್ತೆಗೆ ಬಂದವನು ಜೇಮ್ಸ್ ವಿಲ್ಸನ್. ಟೊಪ್ಪಿಯ ವ್ಯಾಪಾರದಿಂದ ಮೊದಲುಮಾಡಿ, 1843ರಲ್ಲಿ 'ಎಕನಾಮಿಸ್ಟ್' ಪತ್ರಿಕೆಯನ್ನು ಸ್ಥಾಪಿಸಿ, ಅರ್ಥವಿಚಾರದಲ್ಲಿ ಹೆಸರಾದವನು. 1860ರ ಫೆಬ್ರವರಿಯಲ್ಲಿ ಹೊಸ ತೆರಿಗೆಯನ್ನು ಮಂಡಿಸುವಾಗ ಈ ಸಾಹೇಬನು ಮನುವಿನ ಪ್ರಮಾಣವನ್ನು ಎತ್ತಿ ಹೇಳಿದ್ದು ಸ್ವಾರಸ್ಯವಾದ ಸಂಗತಿ.

ಮನುಸ್ಮೃತಿಯ ಏಳನೆಯ ಅಧ್ಯಾಯದಲ್ಲಿ ವಣಿಜರಿಂದ ಕರವೆತ್ತುವುದಕ್ಕೆ ಮುಂಚೆ ಅವರ ಕ್ರಯವಿಕ್ರಯಗಳನ್ನೂ, ನಡೆದ ದಾರಿಯನ್ನೂ, ಅನ್ನಪಾನಾದಿಗಳ ವೆಚ್ಚವನ್ನೂ, ಸರಕಿನ ರಕ್ಷಣೆಗೆ ತಗಲಿದ ವೆಚ್ಚವನ್ನೂ ನೋಡಬೇಕೆಂಬ ವಿಧಿಯಿದೆ. ವೆಚ್ಚ ಕಳೆದು ಉಳಿದ ಲಾಭದ ಮೇಲೆ ಕರವೆಂಬ ತತ್ತ್ವವು ಅಲ್ಲಿ ಸ್ಪಷ್ಟವಾಗಿದೆ. ಆ ಮಟ್ಟಿಗೆ ವಿಲ್ಸನ್ನನ ಮಾತು ಸುಳ್ಳಲ್ಲ. ಆದರೆ ನೋಡತಕ್ಕವನು ಅಲ್ಲಿ ರಾಜನು. 1909ರಲ್ಲಿ ಮೈಸೂರಿನಲ್ಲಿ ಆರ್. ಶಾಮಶಾಸ್ತ್ರಿಗಳು ಅಚ್ಚುಹಾಕಿಸಿದ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿಯೂ, ಆಷಾಢದಲ್ಲಿ ಮುದ್ರೆಯೊತ್ತಿದ ಲೆಕ್ಕದ ಪುಸ್ತಕಗಳನ್ನು ಅಕ್ಷಪಟಲಕ್ಕೆ ತರತಕ್ಕವರು ಅಧಿಕಾರಿಗಳೇ ಹೊರತು ಗೃಹಸ್ಥರಲ್ಲ. ಸುಂಕದ ಕಟ್ಟೆಯಲ್ಲಿ ವರ್ತಕನು ಸರಕಿನ ಪರಿಮಾಣವನ್ನೂ ಬೆಲೆಯನ್ನೂ ಹೇಳಬೇಕಾಗಿದ್ದುದು ನಿಜ. ಅದು ಕಣ್ಣೆದುರಿಗಿದ್ದ ಮೂಟೆಯ ಮಾತು, ಮನೆಯೊಳಗಿನ ವರ್ಷದ ಸಂಪಾದನೆಯ ಮಾತಲ್ಲ. ವಿಚಾರಿಸುವ ಕೆಲಸವನ್ನು ರಾಜನ ಹೆಗಲಿನಿಂದ ಇಳಿಸಿ ಪ್ರಜೆಯ ಹೆಗಲಿಗೆ ಏರಿಸಿದ್ದೇ ವಿಲ್ಸನ್ನನ ತೆರಿಗೆಯ ನವೀನತೆ. ಮನುವು ಇದಕ್ಕೆ ಸಾಕ್ಷಿ ಹೇಳಲಾರನು.

ಆ ಕಾಯಿದೆಯು 1860ರ ಜುಲೈ 24ರಂದು ಜಾರಿಗೆ ಬಂದಿತು. ಅದಕ್ಕೆ 259 ಕಲಮುಗಳು. ವರ್ಷಕ್ಕೆ 200 ರೂಪಾಯಿ ಹುಟ್ಟುವಳಿಯುಳ್ಳವನೂ ಅದರ ಬಲೆಗೆ ಬಿದ್ದನು: 500ರ ವರೆಗೆ ನೂರಕ್ಕೆ 2, ಮೇಲ್ಪಟ್ಟವರಿಗೆ ನೂರಕ್ಕೆ 4. ಇನ್ನೂರು ರೂಪಾಯಿಯವನು ಕೊಡಬೇಕಾದದ್ದು ನಾಲ್ಕು ರೂಪಾಯಿ ಮಾತ್ರ. ಆದರೆ ಆ ನಾಲ್ಕು ರೂಪಾಯಿಗಾಗಿ ಅವನು ತನ್ನ ಬಾಳನ್ನು ಇಂಗ್ಲೆಂಡಿನ ಮಾದರಿಯ ನಾಲ್ಕು ಶೀರ್ಷಿಕೆಗಳಲ್ಲಿ ಹಂಚಬೇಕಾಗಿದ್ದಿತು: ಭೂಮಿ ಮನೆಗಳು, ವೃತ್ತಿ ವ್ಯಾಪಾರಗಳು, ಸಾಲಪತ್ರಗಳ ಬಡ್ಡಿ, ಸಂಬಳ ಪಿಂಚಣಿಗಳು. ಗೇಣಿಯನ್ನು ಭತ್ತದಲ್ಲಿಯೂ ದಕ್ಷಿಣೆಯನ್ನು ಅಕ್ಕಿ ತೆಂಗಿನಕಾಯಿಗಳಲ್ಲಿಯೂ ಪಡೆಯುವವನು ಅದಕ್ಕೆ ರೂಪಾಯಿಯ ಬೆಲೆ ಕಟ್ಟುವುದೆಂತು? ವರ್ಷದ ತೊಡಕು ಬೇರೆ. ಪಂಚಾಂಗದ ವರ್ಷವು ಯುಗಾದಿಗೆ ತಿರುಗುವುದು. ಅಂಗಡಿಯ ಕಿರ್ದಿ ಖಾತೆಗಳು ಅನೇಕ ಕಡೆಗಳಲ್ಲಿ ದೀಪಾವಳಿಗೆ ಮುಗಿಯುವುವು. ಸರ್ಕಾರದ ಲೆಕ್ಕದ ವರ್ಷವಾದರೋ ಆಗ ಮೇ 1ರಿಂದ ಏಪ್ರಿಲ್ 30ರ ವರೆಗೆ. ಏಪ್ರಿಲ್ 1ರ ಪದ್ಧತಿಯು ಬಂದದ್ದು 1867ರಲ್ಲಿ.

ಕಾಯಿದೆಯು ಜಾರಿಗೆ ಬಂದು ಮೂರು ವಾರ ತುಂಬುವುದರೊಳಗೆ, ಆಗಸ್ಟ್ 11ರಂದು, ವಿಲ್ಸನ್ನನು ಕಲ್ಕತ್ತೆಯಲ್ಲಿ ಅತಿಸಾರದಿಂದ ತೀರಿಕೊಂಡನು. ಅಷ್ಟರಲ್ಲಿ ಮದರಾಸಿನಲ್ಲಿ ಇನ್ನೊಂದು ಪ್ರಸಂಗವು ನಡೆದುಹೋಗಿದ್ದಿತು. ಬಳ್ಳಾರಿ, ಮಂಗಳೂರುಗಳೂ ಒಳಪಟ್ಟಿದ್ದ ಆ ಆಧಿಪತ್ಯದ ಗವರ್ನರು ಸರ್ ಚಾರ್ಲ್ಸ್ ಟ್ರೆವೆಲಿಯನ್. ವೆಚ್ಚವನ್ನು ತಗ್ಗಿಸುವುದನ್ನು ಬಿಟ್ಟು ಜನರಿಗೆ ಪರಿಚಯವಿಲ್ಲದ ತೆರಿಗೆಯನ್ನು ಹೇರುವುದು ಅಪಾಯಕರವೆಂದು ಆತನು ಬರೆದ ಆಕ್ಷೇಪಣೆಯನ್ನು ಅಪ್ಪಣೆಯಿಲ್ಲದೆಯೇ ಪತ್ರಿಕೆಗೆ ಕೊಟ್ಟನು. ಆ ಅಪರಾಧಕ್ಕಾಗಿ ಅವನನ್ನು ಅಧಿಕಾರದಿಂದ ತೆಗೆದು ವಿಲಾಯತಿಗೆ ಹಿಂದಕ್ಕೆ ಕರೆಯಿಸಿಕೊಂಡರು. ದೈವದ ವಿನೋದವನ್ನು ನೋಡಿರಿ: ಕೆಲವು ವರ್ಷಗಳಲ್ಲೇ ಆ ಟ್ರೆವೆಲಿಯನ್ನನೇ ಅರ್ಥಸಚಿವನಾಗಿ ಕಲ್ಕತ್ತೆಗೆ ಬಂದನು, 1865ರಲ್ಲಿ ತೆರಿಗೆಯ ಐದು ವರ್ಷದ ಅವಧಿಯು ಮುಗಿದಾಗ ಅದನ್ನು ಮುಂದುವರಿಸಲಿಲ್ಲ. ಐನೂರಕ್ಕೆ ಕಡಮೆಯವರನ್ನು 1862ರಲ್ಲಿಯೇ ಬಿಟ್ಟುಬಿಟ್ಟಿದ್ದರು.

ಮುಂದೆ ಲೈಸೆನ್ಸ್ ತೆರಿಗೆ, ಸರ್ಟಿಫಿಕೇಟ್ ತೆರಿಗೆ ಎಂದು ನಾಮಾಂತರಗಳು ಬಂದುವು. 1869ರಲ್ಲಿ ಮರುಹುಟ್ಟು ಪಡೆದ ವರಮಾನ ತೆರಿಗೆಯು 1873ರಲ್ಲಿ ಮತ್ತೆ ಹೋಯಿತು. 1886ರ ಕಾಯಿದೆಯು ನೆಲೆಯಾಗಿ ನಿಂತಿತು. ಅದು ಬೇಸಾಯದ ಹುಟ್ಟುವಳಿಯನ್ನು ಬಿಟ್ಟು, ಅವಿಭಕ್ತ ಹಿಂದೂ ಕುಟುಂಬವನ್ನು ಒಬ್ಬ 'ವ್ಯಕ್ತಿ'ಯೆಂದು ಎಣಿಸಿತು.

1922ರ ಕಾಯಿದೆಯಿಂದ ಒಂದೇ ಹಣಕ್ಕೆ ಎರಡು ವರ್ಷಗಳ ಹೆಸರು ಅಂಟಿಕೊಂಡಿತು. ಸಂಪಾದಿಸಿದ್ದು 'ಹಿಂದಿನ ವರ್ಷ'. ತೆರಿಗೆಯನ್ನು ಗೊತ್ತುಮಾಡುವುದು 'ನಿರ್ಧರಣ ವರ್ಷ'. ದೀಪಾವಳಿಯ ಲೆಕ್ಕದವರು ಅದನ್ನೇ ಇಟ್ಟುಕೊಳ್ಳಬಹುದೆಂಬ ಔದಾರ್ಯವೂ ಇದ್ದಿತು. ಹೀಗಾಗಿ ಒಬ್ಬನ ಅಂಗಡಿಗೆ ಒಂದು ಹಿಂದಿನ ವರ್ಷ, ಅವನ ಬಡ್ಡಿಗೆ ಮತ್ತೊಂದು ಹಿಂದಿನ ವರ್ಷ! ಅಧಿಕಮಾಸ ಕ್ಷಯಮಾಸಗಳನ್ನು ಬಿಡಿಸಬಲ್ಲ ಜೋಯಿಸರೂ ಇಲ್ಲಿ ತಲೆ ಕೆರೆದುಕೊಳ್ಳಬೇಕು. ಎಲ್ಲರಿಗೂ ಮಾರ್ಚ್ 31ಕ್ಕೆ ಮುಗಿಯುವ ವರ್ಷವು ಬಂದದ್ದು 1989ರಲ್ಲಿ. ಎರಡು ಹೆಸರುಗಳ ಕಾಟವನ್ನು ತೆಗೆದು 'ತೆರಿಗೆ ವರ್ಷ'ವೆಂಬ ಒಂದನ್ನೇ ಇಟ್ಟದ್ದು 2025ರ ಕಾಯಿದೆ. ಅದು ಜಾರಿಗೆ ಬರುವ ದಿನವನ್ನು 2026ರ ಏಪ್ರಿಲ್ 1 ಎಂದು ಗೊತ್ತುಮಾಡಿದರು. ಅದಕ್ಕೆ 536 ಕಲಮುಗಳು. ಅದಕ್ಕೆ ಮುಂಚಿನ 1961ರ ಕಾಯಿದೆಗೆ ಹೆಸರಿಗೆ 298; ನಡುನಡುವೆ ಅಕ್ಷರಗಳನ್ನು ಹಚ್ಚಿ ಸೇರಿಸಿದವುಗಳನ್ನು ಎಣಿಸಿದರೆ 800ಕ್ಕೂ ಮೇಲೆ.

ಸುಲಭಗೊಳಿಸುವ ಪ್ರಯತ್ನಗಳು ನಡೆಯಲಿಲ್ಲವೆಂದಲ್ಲ. ಒಂದು ನಮೂನೆಗೆ 'ಸರಳ', ಆಮೇಲೆ ಬಂದವುಗಳಿಗೆ 'ಸಹಜ', 'ಸುಗಮ' ಎಂದು ನಾಮಕರಣವಾಯಿತು. ಅಮರಕೋಶದ ವರ್ಗವೊಂದನ್ನು ಓದಿದಂತೆ ಕಿವಿಗೆ ಇಂಪಾಗಿವೆ. ತುಂಬುವವನ ಕೈಗೆ ಅಷ್ಟು ಹಿತವಾಗಿರಲಿಲ್ಲ. ಗಣಕಯಂತ್ರದ ಮೂಲಕ ಲೆಕ್ಕವನ್ನೊಪ್ಪಿಸುವ ಪದ್ಧತಿಯು ಬಂದ ಮೇಲೆಯೂ, ಸ್ವೀಕೃತಿಪತ್ರವನ್ನು ಕಾಗದದ ಮೇಲೆ ಅಚ್ಚಿಸಿ, ರುಜು ಹಾಕಿ, ಅಂಚೆಯಲ್ಲಿ ಬೆಂಗಳೂರಿನ ಕೇಂದ್ರಕ್ಕೆ ಕಳುಹಿಸಬೇಕಾಗಿದ್ದಿತು. ಮನೆಯಲ್ಲಿಯೇ ದೃಢೀಕರಿಸುವ ಮಾರ್ಗವು 2015ರಲ್ಲಿ ತೆರೆಯಿತು. ಹೆಸರಿನ ಗೊಂದಲವಂತೂ ಕನ್ನಡಿಗರಿಗೆ ವಿಶೇಷವಾದದ್ದು. ಊರಿನ ಮೊದಲಕ್ಷರ, ತಂದೆಯ ಮೊದಲಕ್ಷರ, ಆಮೇಲೆ ತನ್ನ ಹೆಸರು ಎಂದು ಬರೆಯುವ ನಾಡಿನಲ್ಲಿ, ಪ್ಯಾನ್ ಅರ್ಜಿಯು ಮೊದಲಕ್ಷರಗಳನ್ನು ಒಪ್ಪದೆ ಮನೆತನದ ಹೆಸರನ್ನು ಕೇಳಿತು. ತಂದೆಯ ಹೆಸರೋ ಊರಿನ ಹೆಸರೋ ಆ ಜಾಗಕ್ಕೆ ಏರಿತು. ಬಳಿಕ ಆಧಾರ್ ಸಂಖ್ಯೆಯೊಡನೆ ಜೋಡಿಸುವ ಕಾಲಕ್ಕೆ ಎರಡು ಪತ್ರಗಳಲ್ಲಿ ಒಬ್ಬನೇ ಮನುಷ್ಯನು ಇಬ್ಬರಾಗಿ ನಿಂತನು. ತಡಮಾಡಿದವರಿಗೆ 1,000 ರೂಪಾಯಿ ಶುಲ್ಕ.

ತೆರಿಗೆಯೇ ಬಾರದವನಿಗೂ ಪತ್ರವು ತಪ್ಪಲಿಲ್ಲ. 1961ರ ಕಾಯಿದೆಯ ಕಾಲದಲ್ಲಿ ಬ್ಯಾಂಕಿನ ಠೇವಣಿಯ ಬಡ್ಡಿಯು ಗೊತ್ತಾದ ಮಿತಿಯನ್ನು ಮೀರಿದರೆ ಬ್ಯಾಂಕಿನವರು ತೆರಿಗೆಯನ್ನು ಮೊದಲೇ ಮುರಿದುಕೊಳ್ಳುತ್ತಿದ್ದರು. ಬಡ್ಡಿಯೊಂದರಲ್ಲಿಯೇ ಜೀವಿಸುವ ವೃದ್ಧೆಯು, ತನಗೆ ತೆರಿಗೆ ಬರುವುದಿಲ್ಲವೆಂದು 15 ಎಚ್ ಎಂಬ ನಮೂನೆಯಲ್ಲಿ ವರ್ಷ ವರ್ಷವೂ, ಠೇವಣಿಯಿರುವ ಪ್ರತಿಯೊಂದು ಬ್ಯಾಂಕಿಗೂ ಬರೆದುಕೊಡಬೇಕಾಗಿದ್ದಿತು. ಒಂದು ವರ್ಷ ಮರೆತರೆ ಹಣವು ಹೋಗುವುದು. ಅದನ್ನು ಹಿಂದಕ್ಕೆ ಪಡೆಯಲು, ಕೊಡಬೇಕಾದ ತೆರಿಗೆ ಸೊನ್ನೆಯೆಂದು ತೋರಿಸುವ ಪೂರ್ಣ ಲೆಕ್ಕವನ್ನು ಆಕೆಯು ಸರ್ಕಾರಕ್ಕೆ ಒಪ್ಪಿಸಬೇಕಾಗುತ್ತಿದ್ದಿತು.