ಮದ್ದಲೆಯ ಕರಣೆ ಮತ್ತು ನನ್ನದೊಂದು ಹಳೆಯ ತಪ್ಪು

ಹಾಜರಿ ಪುಸ್ತಕದ ಮೇಲೆ ತಲೆ ಬಗ್ಗಿಸಿ ನಾನು ಹೆಸರು ಕರೆಯುತ್ತಿದ್ದುದು ನನ್ನ ಹಳೆಯ ವಿದ್ಯಾರ್ಥಿಗಳಿಗೆ ನೆನಪಿರಬಹುದು. ಬಾರದ ಗೆಳೆಯನ ಪರವಾಗಿ ಬೇರೊಬ್ಬ ‘ಹಾಜರ್ ಸಾರ್’ ಎಂದರೆ, ತಲೆಯೆತ್ತದೆಯೇ ಆ ಕಳ್ಳನ ಹೆಸರು ಹಿಡಿದು ಎಬ್ಬಿಸುತ್ತಿದ್ದೆ. ‘ಮೇಷ್ಟ್ರಿಗೆ ನೆತ್ತಿಯ ಮೇಲೂ ಕಣ್ಣಿದೆ’ ಎಂದು ನೀವು ಮಾತಾಡಿಕೊಳ್ಳುತ್ತಿದ್ದಿರಂತೆ. ನೆತ್ತಿಯಲ್ಲಿ ಕಣ್ಣಿರಲಿಲ್ಲ, ಎಲ್ಲರಿಗೂ ಇರುವ ಎರಡು ಕಿವಿಗಳಿದ್ದವು, ಅಷ್ಟೇ. ಆದರೆ ಅದೇ ಕಿವಿಗಳು ಒಂದು ದಿನ ಕೇಳಬೇಕಾದದ್ದನ್ನು ಕೇಳದೆ ಹೋದವು. ಆ ಕಥೆಯನ್ನು ಇಂದು ಬರೆಯಬೇಕೆನಿಸಿದೆ.

ಶಬ್ದಕ್ಕೆ ಮೂರು ಲಕ್ಷಣಗಳೆಂದು ನಾನು ಬೋರ್ಡಿನ ಮೇಲೆ ಬರೆಯುತ್ತಿದ್ದೆ: ಸ್ಥಾಯಿ, ಗಟ್ಟಿತನ, ಗುಣ. ಮೊದಲ ಎರಡು ಸುಲಭ. ಸೆಕೆಂಡಿಗೆ ಎಷ್ಟು ಕಂಪನ ಎಂಬುದು ಸ್ಥಾಯಿಯನ್ನೂ ಕಂಪನದ ವಿಸ್ತಾರವು ಗಟ್ಟಿತನವನ್ನೂ ನಿರ್ಧರಿಸುತ್ತವೆ. ಮೂರನೆಯದೇ ಸ್ವಾರಸ್ಯವಾದದ್ದು. ಹಾರ್ಮೋನಿಯಂ ಮತ್ತು ಕೊಳಲು ಒಂದೇ ಷಡ್ಜವನ್ನು ಒಂದೇ ಗಟ್ಟಿತನದಲ್ಲಿ ನುಡಿದರೂ ಇದು ಇದು, ಅದು ಅದು ಎಂದು ಕಣ್ಣು ಮುಚ್ಚಿ ಹೇಳುತ್ತೇವೆ. ಆ ನಾದಗುಣಕ್ಕೆ ಮುಖ್ಯ ಕಾರಣವನ್ನು ವಿಶದವಾಗಿ ತೋರಿಸಿದವನು ಜರ್ಮನಿಯ ಹೆಲ್ಮ್‌ಹೋಲ್ಟ್ಸ್. 1863ರಲ್ಲಿ ಪ್ರಕಟವಾದ ತನ್ನ ಗ್ರಂಥದಲ್ಲಿ ಆತ ವಿವರಿಸಿದ್ದು ಹೀಗೆ: ನಮಗೆ ಒಂದೇ ಎಂದು ಕೇಳುವ ಸ್ವರ ಒಂದೇ ಅಲ್ಲ. ಸೆಕೆಂಡಿಗೆ 100 ಬಾರಿ ಕಂಪಿಸುವ ತಂತಿ ಅದೇ ಹೊತ್ತಿಗೆ 200, 300, 400 ಬಾರಿಯೂ ಕಂಪಿಸುತ್ತಿರುತ್ತದೆ. ಮೊದಲನೆಯದು ಮೂಲಸ್ವರ, ಉಳಿದವು ಉಪಸ್ವರಗಳು. ಯಾವ ಉಪಸ್ವರ ಎಷ್ಟು ಪ್ರಮಾಣದಲ್ಲಿ ಬೆರೆತಿದೆ ಎಂಬುದರ ಮೇಲೆ ನಾದದ ಗುಣ ನಿಂತಿದೆ. ಒಂದೇ ತೊಗರಿಬೇಳೆಯಿಂದ ಒಂದು ಮನೆಯಲ್ಲಿ ಸಾರೂ ಇನ್ನೊಂದು ಮನೆಯಲ್ಲಿ ಹುಳಿಯೂ ಆಗುವ ಹಾಗೆ.

1978ರಲ್ಲಿ ನಾನು ಸೊರಬ ತಾಲ್ಲೂಕಿನ ಒಂದು ಪ್ರೌಢಶಾಲೆಯಲ್ಲಿದ್ದೆ. ಆಗಿನ್ನೂ ಹೊಸ ಮೇಷ್ಟ್ರು, ಬಿ.ಎಡ್. ಮುಗಿಸಿದ ಹುಮ್ಮಸ್ಸು ಇಳಿದಿರಲಿಲ್ಲ. ಸಂಗೀತಸ್ವರಕ್ಕೂ ಗದ್ದಲಕ್ಕೂ ಇರುವ ವ್ಯತ್ಯಾಸದ ಪಾಠ ನಡೆಯುತ್ತಿತ್ತು. ತಂತಿಯ ಉಪಸ್ವರಗಳು ಒಂದು, ಎರಡು, ಮೂರು ಎಂಬ ಪೂರ್ಣಸಂಖ್ಯೆಗಳ ಲೆಕ್ಕದಲ್ಲಿ ಬರುವುದರಿಂದ ಅವು ಒಂದಕ್ಕೊಂದು ಹೊಂದುತ್ತವೆ. ಬಿಗಿದ ಚರ್ಮದ ಲೆಕ್ಕ ಹಾಗಲ್ಲ. ದುಂಡನೆಯ ಚರ್ಮದ ಮೂಲಕಂಪನ 100 ಆದರೆ ಮುಂದಿನವು ಸುಮಾರು 159, 214, 230, 265. ಇವು ಒಂದರ ಕಾಲು ಒಂದು ತುಳಿಯುವ ಸಂಖ್ಯೆಗಳು. ನಾನು ಮೇಜನ್ನು ದಬದಬನೆ ಬಡಿದು, ‘ಆದುದರಿಂದ ಚರ್ಮವಾದ್ಯಗಳಲ್ಲಿ ತಾಳವುಂಟು, ಸ್ವರವಿಲ್ಲ. ಡೊಳ್ಳಾಗಲಿ ಮದ್ದಲೆಯಾಗಲಿ ವಿಜ್ಞಾನದ ದೃಷ್ಟಿಯಲ್ಲಿ ಗದ್ದಲವೇ’ ಎಂದು ತೀರ್ಪು ಕೊಟ್ಟೆ.

ಹಿಂದಿನ ಬೆಂಚಿನಿಂದ ಒಬ್ಬ ಹುಡುಗ ಎದ್ದು ನಿಂತ. ಅವನ ತಂದೆ ಯಕ್ಷಗಾನದ ಮದ್ದಲೆಗಾರರು. ಹುಡುಗ ಮೆಲ್ಲಗೆ, ‘ಹಂಗಲ್ಲ ಸಾರ್, ನಮ್ಮಪ್ಪ ಆಟ ಶುರುವಾಗೋಕ್ ಮುಂಚೆ ಮದ್ದಲೇನ ಭಾಗವತರ ಶ್ರುತಿಗೆ ಕೂಡಿಸ್ತಾರೆ. ಸ್ವರ ಇಲ್ದಿದ್ರೆ ಯಾವುದನ್ನ ಕೂಡ್ಸೋದು?’ ಎಂದ. ತರಗತಿ ನಕ್ಕಿತು. ಪ್ರಶ್ನೆಗೆ ನನ್ನಲ್ಲಿ ಉತ್ತರವಿರಲಿಲ್ಲ. ಉತ್ತರವಿಲ್ಲದ ಮೇಷ್ಟ್ರು ಮಾಡುವುದನ್ನೇ ನಾನೂ ಮಾಡಿದೆ: ‘ಪುಸ್ತಕ ನೋಡು, ಕೂತ್ಕೋ’ ಎಂದು ಗದರಿದೆ. ಅವನು ಕುಳಿತ. ಆ ವರ್ಷ ಮುಗಿಯುವವರೆಗೂ ಮತ್ತೊಂದು ಪ್ರಶ್ನೆಯನ್ನು ಅವನು ಕೇಳಲಿಲ್ಲ.

ಹತ್ತು ವರ್ಷಗಳ ಬಳಿಕ, 1988, ಸರ್ ಸಿ. ವಿ. ರಾಮನ್ನರ ಜನ್ಮಶತಾಬ್ದಿಯ ವರ್ಷ. ನಾನಾಗ ಶಿಕಾರಿಪುರ ತಾಲ್ಲೂಕಿಗೆ ವರ್ಗವಾಗಿ ಬಂದಿದ್ದೆ. ಶಾಲೆಯಲ್ಲಿ ರಾಮನ್ನರ ಬಗ್ಗೆ ಭಾಷಣ ಮಾಡುವ ಹೊಣೆ ನನ್ನ ಪಾಲಿಗೆ ಬಂತು. ಬೆಳಕಿನ ಚದರಿಕೆ, 1930ರ ನೊಬೆಲ್ ಬಹುಮಾನ, ಇವಿಷ್ಟು ಎಲ್ಲರಿಗೂ ಗೊತ್ತು; ಹೊಸತೇನಾದರೂ ಸಿಕ್ಕೀತೇ ಎಂದು ಹುಡುಕುವಾಗ ಅವರ ಮೃದಂಗದ ಸಂಶೋಧನೆ ಕಣ್ಣಿಗೆ ಬಿತ್ತು. ಓದುತ್ತ ಓದುತ್ತ ನನ್ನ ಮುಖ ಬಿಸಿಯಾಯಿತು.

ಕಲ್ಕತ್ತೆಯಲ್ಲಿದ್ದಾಗ, 1920ರಲ್ಲಿ, ರಾಮನ್ನರು ಶಿವಕಾಳಿ ಕುಮಾರ್ ಅವರೊಡಗೂಡಿ ‘ನೇಚರ್’ ಪತ್ರಿಕೆಗೆ ಒಂದು ಪುಟ್ಟ ಲೇಖನ ಬರೆದಿದ್ದರು. ಭಾರತದ ಮೃದಂಗ, ತಬಲಾಗಳು ಉಳಿದ ಚರ್ಮವಾದ್ಯಗಳಂತಲ್ಲ, ಇವುಗಳ ಉಪಸ್ವರಗಳು ತಂತಿವಾದ್ಯದಂತೆಯೇ ಪೂರ್ಣಸಂಖ್ಯೆಗಳ ಲೆಕ್ಕಕ್ಕೆ ಬರುತ್ತವೆ ಎಂಬುದೇ ಅದರ ಸಾರ. 1933ರಲ್ಲಿ ಅವರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ನಿರ್ದೇಶಕರಾಗಿ ಬಂದರು. ಮರುವರ್ಷ ತಾವೇ ಸ್ಥಾಪಿಸಿದ ಭಾರತೀಯ ವಿಜ್ಞಾನ ಅಕಾಡೆಮಿಯ ಪತ್ರಿಕೆಯಲ್ಲಿ ಈ ವಿಷಯವನ್ನು ವಿಸ್ತಾರವಾಗಿ ಬರೆದರು. ಮುಚ್ಚಿಗೆಯ ಮೇಲೆ ನಯವಾದ ಮರಳು ಉದುರಿಸಿ ನುಡಿಸಿದರೆ, ಚರ್ಮ ಅಲುಗದಿರುವ ಗೆರೆಗಳಲ್ಲಿ ಮರಳು ಬಂದು ನಿಲ್ಲುತ್ತದೆ. ಆ ಚಿತ್ರಗಳಿಂದ ಅವರು ಕಂಡದ್ದಿಷ್ಟು: ಚರ್ಮದ ಮೊದಲ ಒಂಬತ್ತು ಬಗೆಯ ಕಂಪನಗಳು ಒಂಬತ್ತು ದಿಕ್ಕಿಗೆ ಓಡದೆ, ಗುಂಪುಗೂಡಿ ಐದೇ ಸ್ವರಗಳಾಗಿ ನಿಲ್ಲುತ್ತವೆ. ಆ ಐದು 1, 2, 3, 4, 5ರ ಪ್ರಮಾಣದಲ್ಲಿವೆ.

ಇದನ್ನು ಸಾಧಿಸುವುದು ಬಲಮುಚ್ಚಿಗೆಯ ನಡುವೆ ಇರುವ ಕಪ್ಪು ವೃತ್ತ, ಅಂದರೆ ಕರಣೆ. ಕಿಟ್ಟದ ಪುಡಿಯನ್ನು ಅನ್ನದೊಂದಿಗೆ ಅರೆದು, ಪದರ ಪದರವಾಗಿ ಹಚ್ಚಿ, ಪ್ರತಿ ಪದರವನ್ನೂ ನುಣುಪು ಕಲ್ಲಿನಿಂದ ತಿಕ್ಕಿ ಒಣಗಿಸುತ್ತಾರೆ. ನಡುವಿನ ಈ ತೂಕವು ಅಡ್ಡಾದಿಡ್ಡಿ ಕಂಪನಗಳನ್ನು ಎಳೆದು ಲೆಕ್ಕಕ್ಕೆ ತರುತ್ತದೆ. ತಿಕ್ಕುವಾಗ ಏಳುವ ಕೂದಲೆಳೆಯಂಥ ಬಿರುಕುಗಳಿಂದಾಗಿ ಕರಣೆ ಗಟ್ಟಿಯಾಗಿದ್ದರೂ ಚರ್ಮದೊಡನೆ ಬಾಗಬಲ್ಲದು. ಮುಂದೆ 1954ರಲ್ಲಿ ಬೆಂಗಳೂರಿನ ವಿಜ್ಞಾನ ಸಂಸ್ಥೆಯಲ್ಲೇ ಬಿ. ಎಸ್. ರಾಮಕೃಷ್ಣ ಮತ್ತು ಮನಮೋಹನ ಸೋಂಧಿ ಅವರು, ನಡುವೆ ಒಂದು ತೂಕ, ಸುತ್ತ ಇನ್ನೊಂದು ತೂಕ ಇರುವ ಜೋಡಿಚರ್ಮವೆಂದು ಇದನ್ನು ಭಾವಿಸಿ ಗಣಿತದಿಂದಲೂ ವಿವರಿಸಿದರು.

ಡೊಳ್ಳಿಗೆ ಕರಣೆಯಿಲ್ಲ, ಆದುದರಿಂದಲೇ ಅದರ ಗುಣ ಗುಡುಗಿನದು. ಅದು ದೋಷವಲ್ಲ, ಅದರ ಕೆಲಸವೇ ಅದು. ಮೃದಂಗದ ಸೋದರನಾದ ಮದ್ದಲೆಗೆ ಕರಣೆಯುಂಟು. ಆದುದರಿಂದಲೇ ಅದು ಭಾಗವತರ ಶ್ರುತಿಗೆ ಕೂಡುತ್ತದೆ. ಹುಡುಗ ಹೇಳಿದ್ದು ಅಕ್ಷರಶಃ ಸತ್ಯ. ನಾನು ಬೋರ್ಡಿನ ಮೇಲೆ ಬರೆದ ಸಂಖ್ಯೆಗಳೂ ಸುಳ್ಳಲ್ಲ. ಆದರೆ ಅವು ಬರಿಯ ಚರ್ಮದ ಲೆಕ್ಕ. ಕರಣೆ ಹಚ್ಚಿದ ಕೈಯ ಲೆಕ್ಕ ಅದರಲ್ಲಿ ಸೇರಿರಲಿಲ್ಲ.

ಆ ಕೈ ಎಷ್ಟು ಹಳೆಯದೆಂದು ಯೋಚಿಸಿ. ಭರತನ ನಾಟ್ಯಶಾಸ್ತ್ರದಲ್ಲೇ ಪುಷ್ಕರವಾದ್ಯಗಳ ಮುಚ್ಚಿಗೆಗೆ ನದೀತೀರದ ಮಣ್ಣನ್ನು ಲೇಪಿಸಿ ಶ್ರುತಿಗೊಳಿಸುವ ವಿಧಾನವಿದೆ. ನಮ್ಮ ಸೀಮೆಯಲ್ಲಂತೂ ಮದ್ದಲೆಯ ನೆನಪು ಮನೆಯ ಮಾತು. ಶಿರಾಳಕೊಪ್ಪದ ಬಳಿಯ ಬಳ್ಳಿಗಾವಿಯನ್ನು ನೀವೆಲ್ಲ ನನ್ನೊಂದಿಗೆ ಸಾಲಾಗಿ ನಡೆದು ನೋಡಿದ್ದೀರಿ. ಹರಿಹರನ ರಗಳೆಯಲ್ಲಿ ಅಲ್ಲಮಪ್ರಭು ಆ ಊರಿನ ದೇವಾಲಯದಲ್ಲಿ ಮದ್ದಲೆ ನುಡಿಸುವವನು. 15ನೆಯ ಶತಮಾನದ ಚಾಮರಸನ ‘ಪ್ರಭುಲಿಂಗಲೀಲೆ’ಯಲ್ಲಿ ಮದ್ದಲೆಯ ದನಿ ಸೊರಬದ ಮಗ್ಗುಲಿನ ಬನವಾಸಿಗೆ ಸರಿಯುತ್ತದೆ. ಕವಿಗಳು ಊರನ್ನು ಬದಲಿಸಿದರೂ ವಾದ್ಯವನ್ನು ಬದಲಿಸಲಿಲ್ಲ. ಶೂನ್ಯದ ಮಾತನ್ನಾಡಿದ ಮಹಾನುಭಾವನ ಕೈಗೆ ನಮ್ಮ ಕವಿಗಳು ಮದ್ದಲೆಯನ್ನು ಕೊಟ್ಟರು. ಅದನ್ನು ನಾನು ಗದ್ದಲವೆಂದೆ.

ಶತಾಬ್ದಿಯ ಭಾಷಣದಲ್ಲಿ ಇದನ್ನೆಲ್ಲ ಹೇಳಿದೆ. ಭಜನಾ ಮಂಡಳಿಯಿಂದ ಮೃದಂಗ ತಂದು ಮಕ್ಕಳ ಮುಂದೆ ನುಡಿಸಿಯೂ ತೋರಿಸಿದೆವು. ‘ನಂ’ ಎಂದು ನುಡಿಸುವಾಗ ವಾದಕರ ಉಂಗುರಬೆರಳು ಮುಚ್ಚಿಗೆಯನ್ನು ಹಗುರವಾಗಿ ಮುಟ್ಟಿರುತ್ತದೆ. ಆ ಸ್ಪರ್ಶ ಮೂಲಸ್ವರವನ್ನು ಅಡಗಿಸಿ ಎರಡನೆಯ ಸ್ವರವನ್ನು ಮುಂದಕ್ಕೆ ತರುತ್ತದೆ. ಮಕ್ಕಳು ಬೆರಗಾಗಿ ನೋಡಿದರು. ಆದರೆ ಇದನ್ನು ಕೇಳಬೇಕಾಗಿದ್ದವನು ಆ ಸಭೆಯಲ್ಲಿ ಇರಲಿಲ್ಲ.

2006ರ ಒಂದು ಸಂಜೆ ಮನೆಯ ದೂರವಾಣಿ ಬಾರಿಸಿತು. ಎತ್ತಿದೆ. ಆ ಕಡೆಯಿಂದ ಹೆಸರಿಲ್ಲ, ಊರಿಲ್ಲ, ‘ಹಾಜರ್ ಸಾರ್’ ಎಂಬ ಎರಡೇ ಮಾತು. ಹಿಂದಿನ ಬೆಂಚಿನ ಆ ದನಿ ಇಪ್ಪತ್ತೆಂಟು ವರ್ಷಗಳ ಬಳಿಕವೂ ನನಗೆ ತಪ್ಪಲಿಲ್ಲ. ಹೆಸರು ಹಿಡಿದೇ ಕರೆದೆ.

ಕಂಠದ್ದೂ ವಾದ್ಯದ ಲೆಕ್ಕವೇ. ಧ್ವನಿತಂತುಗಳು ಹುಟ್ಟಿಸುವುದು ಬರಿಯ ಕಚ್ಚಾ ನಾದ. ಗಂಟಲು, ಬಾಯಿ, ಮೂಗುಗಳ ಪೊಳ್ಳು ಅದರ ಕೆಲವು ಉಪಸ್ವರಗಳನ್ನು ಎತ್ತಿ ಕೆಲವನ್ನು ಅಡಗಿಸುತ್ತದೆ. ನಾಲಗೆ, ತುಟಿ ಕದಲಿದಂತೆ ಅದೇ ನಾದ ‘ಆ’ ಆಗುತ್ತದೆ, ‘ಈ’ ಆಗುತ್ತದೆ. ಆ ಪೊಳ್ಳಿನ ಅಳತೆ ಒಬ್ಬರದು ಇನ್ನೊಬ್ಬರಿಗಿಲ್ಲ. ಇನ್ನೂ ಸೋಜಿಗವೆಂದರೆ, ಹಳೆಯ ದೂರವಾಣಿ ಸುಮಾರು 300ರಿಂದ 3400 ಹರ್ಟ್ಸ್‌ವರೆಗಿನ ನಾದವನ್ನಷ್ಟೇ ಒಯ್ಯುತ್ತಿತ್ತು. ಗಂಡಸರ ಮಾತಿನ ಮೂಲಸ್ವರ ಸಾಮಾನ್ಯವಾಗಿ 100ರಿಂದ 150ರ ಆಸುಪಾಸು. ಅಂದರೆ ಅವನ ಮೂಲಸ್ವರ ತಂತಿಯಲ್ಲಿ ಬರಲೇ ಇಲ್ಲ. ಬಂದ ಉಪಸ್ವರಗಳಿಂದಲೇ ಕಿವಿ ಅದನ್ನು ಊಹಿಸಿ ತುಂಬಿಕೊಂಡಿತು.

‘ಆವತ್ತು ನೀನು ಹೇಳಿದ್ದೇ ಸರಿಯಪ್ಪಾ, ನಾನೇ ತಪ್ಪು ಹೇಳಿದ್ದೆ’ ಎಂದೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ ಹೇಳಿದ: ‘ಅವತ್ತು ಮನೆಗೆ ಹೋಗಿ ಅಪ್ಪನ ಹತ್ರ ಹೇಳಿದ್ದೆ ಸಾರ್. ಅಪ್ಪ ನಕ್ಕುಬಿಟ್ರು. “ಮೇಷ್ಟ್ರನ್ನ ಒಂದ್ ರಾತ್ರಿ ಆಟಕ್ಕೆ ಕರ್ಕೊಂಡ್ ಬಾ, ಕೇಳಿದ್ರೆ ಅವ್ರಿಗೇ ತಿಳೀತದೆ” ಅಂದ್ರು. ನಂಗೆ ಕರೆಯೋಕೆ ಹೆದ್ರಿಕೆ ಆಯ್ತು.’ ತಂದೆ ತೀರಿಕೊಂಡು ಆರು ವರ್ಷವಾಯಿತೆಂದೂ ಮದ್ದಲೆ ಮನೆಯಲ್ಲೇ ಇದೆಯೆಂದೂ ತಿಳಿಸಿದ.

ಆ ಹಿರಿಯರ ಮದ್ದಲೆಯನ್ನು ಅವರ ಕೈಯಲ್ಲಿ ಕೇಳುವ ಯೋಗ ನನಗೆ ಬರಲಿಲ್ಲ. ರಾಮನ್ನರಂಥವರು ವಾದಕರ ಮುಂದೆ ಮೊದಲು ಕಿವಿಗೊಟ್ಟು ಕುಳಿತರು, ಲೆಕ್ಕವನ್ನು ಆಮೇಲೆ ಹಾಕಿದರು. ನಾನು ಲೆಕ್ಕವನ್ನು ಮೊದಲು ಹಾಕಿ ಕಿವಿ ಮುಚ್ಚಿಕೊಂಡೆ. ನಿಮ್ಮಲ್ಲಿ ಅನೇಕರು ಈಗ ಮೇಷ್ಟ್ರುಗಳಾಗಿದ್ದೀರಿ, ಎಲ್ಲರೂ ತಂದೆತಾಯಿಗಳಾಗಿದ್ದೀರಿ. ಹಿಂದಿನ ಬೆಂಚಿನಿಂದ ಯಾರಾದರೂ ‘ಹಂಗಲ್ಲ ಸಾರ್’ ಎಂದರೆ, ಪುಸ್ತಕವನ್ನು ಒಂದು ನಿಮಿಷ ಮಡಚಿಟ್ಟು ಕೇಳಿ. ನನ್ನ ತರಗತಿಯಲ್ಲಿ ಹೀಗೆ ಕುಳಿತುಬಿಟ್ಟವರು ಇನ್ನೂ ಯಾರಾದರೂ ಇದ್ದರೆ, ದಯವಿಟ್ಟು ಬರೆಯಿರಿ. ಈ ಬಾರಿ ಪೂರ್ತಿ ಕೇಳುತ್ತೇನೆ.